ತಿರುಗುವ ಚಕ್ರ, ಮುರಿಯದ ಶ್ರುತಿ

ಬಾಯಿಂದ ಬಾಯಿಗೆ ಬಂದ ಧಾಟಿಗಳನ್ನು ಜನಪದ ಕಲಾವಿದರೊಬ್ಬರು ಮೊದಲ ಬಾರಿಗೆ ಒಂದೆಡೆ, ಒಂದು ಕ್ರಮದಲ್ಲಿ, ತಮ್ಮ ಹೆಸರಿನಲ್ಲಿ ನಿಲ್ಲಿಸುವುದೇ ಅವರ ಮೊದಲ ಆಲ್ಬಮ್. ಯುರೋಪಿನಲ್ಲಿ ಇಂಥ ಹಲವು ಆಲ್ಬಮ್‌ಗಳಿಗೆ ಹರ್ಡಿ ಗರ್ಡಿ ಎಂಬ ಹಳೆಯ ವಾದ್ಯ ಶ್ರುತಿ ಕೊಟ್ಟಿದೆ. ಕಲಬುರಗಿ ಸೀಮೆಯಲ್ಲಿ ಹಾಡಿನ ಕೆಳಗೆ ನಿಲ್ಲುವ ಆ ಕೆಲಸ ಏಕತಾರಿಯದು, ಚೌಡಿಕೆಯದು, ಬೀಸುವ ಕಲ್ಲಿನದು. ಮುಂದಿನ ಮಾತುಕತೆ ಇಬ್ಬರದು. ಒಬ್ಬರು ಕಲಬುರಗಿ ನಗರದ ಧ್ವನಿಮುದ್ರಣ ಬಲ್ಲ ಯುವಕ, ಇನ್ನೊಬ್ಬರು ಕಮಲಾಪುರದ ಹಿರಿಯ ಭಜನೆ ಹಾಡುಗಾರರು.

ಕಮಲಾಪುರದವರು: ತಮ್ಮಾ, ಹರ್ಡಿ ಗರ್ಡಿ ಎಂದರೆ ಎಂಥ ವಾದ್ಯ? ತಂತಿಯದೋ, ಗಾಳಿಯದೋ?

ಕಲಬುರಗಿಯವರು: ತಂತಿಯದು, ಗುರುಗಳೇ. ಪಿಟೀಲಿನಲ್ಲಿ ಕಮಾನು ತಂತಿಯನ್ನು ಉಜ್ಜುತ್ತದೆ. ಇದರಲ್ಲಿ ಕಮಾನಿನ ಬದಲು ಮರದ ಚಕ್ರವಿದೆ. ಚಕ್ರದ ಅಂಚಿಗೆ ರಾಳ ಸವರಿರುತ್ತಾರೆ. ಬಲಗೈಯಿಂದ ಹಿಡಿಕೆ ತಿರುಗಿಸಿದರೆ ಚಕ್ರ ಸುತ್ತುತ್ತದೆ, ಅದಕ್ಕೆ ತಾಗಿದ ತಂತಿಗಳೆಲ್ಲ ನುಡಿಯುತ್ತವೆ. ಕಮಾನು ತುದಿ ಮುಟ್ಟಿದ ಮೇಲೆ ಹಿಂದಿರುಗಬೇಕು. ಚಕ್ರಕ್ಕೆ ತುದಿಯಿಲ್ಲ. ಆದ್ದರಿಂದ ಕೈ ತಿರುಗುವಷ್ಟು ಹೊತ್ತೂ ನಾದ ಕಡಿಯುವುದಿಲ್ಲ.

ಕಮಲಾಪುರದವರು: ಎಲ್ಲ ತಂತಿಯೂ ಒಟ್ಟಿಗೆ ನುಡಿದರೆ ಧಾಟಿ ಎಲ್ಲಿಂದ ಬರುತ್ತದೆ?

ಕಲಬುರಗಿಯವರು: ತಂತಿಗಳಲ್ಲಿ ಎರಡು ಬಗೆ. ಒಂದೆರಡು ತಂತಿಗಳು ಮರದ ಪೆಟ್ಟಿಗೆಯೊಳಗೆ ಹಾಯುತ್ತವೆ. ಎಡಗೈ ಬೆರಳು ಕೀಲಿಗಳನ್ನು ಒತ್ತಿದಾಗ ಸಣ್ಣ ಮರದ ಬಿಲ್ಲೆಗಳು ಆ ತಂತಿಗಳಿಗೆ ತಾಗಿ ಸ್ವರ ಬದಲಾಗುತ್ತದೆ. ಧಾಟಿ ಹುಟ್ಟುವುದು ಅಲ್ಲಿ. ಉಳಿದ ತಂತಿಗಳಿಗೆ ಕೀಲಿಯಿಲ್ಲ. ಅವು ಮೊದಲಿನಿಂದ ಕೊನೆಯವರೆಗೆ ಒಂದೇ ಸ್ವರ ಹಿಡಿದಿರುತ್ತವೆ, ಅದೇ ಆಧಾರ ಶ್ರುತಿ. ಫ್ರಾನ್ಸಿನ ವಾದ್ಯಗಳಲ್ಲಿ ಒಂದು ಶ್ರುತಿತಂತಿ ಸಡಿಲವಾದ ಪುಟ್ಟ ಕುದುರೆಯ, ಅಂದರೆ ತಂತಿ ಹೊರುವ ಮರದ ತುಂಡಿನ ಮೇಲೆ ಕೂತಿರುತ್ತದೆ. ಆ ಕುದುರೆಯನ್ನು ಅಲ್ಲಿಯವರು ‘ನಾಯಿ’ ಎಂದೇ ಕರೆಯುತ್ತಾರೆ. ಹಿಡಿಕೆಯನ್ನು ಗಕ್ಕನೆ ದೂಡಿದರೆ ಅದು ಮರದ ಮೇಲೆ ಅದುರಿ ಝರ್ ಎಂದು ಸದ್ದು ಮಾಡುತ್ತದೆ. ಹೀಗೆ ಧಾಟಿ, ಶ್ರುತಿ, ಲಯ ಮೂರೂ ಒಬ್ಬರ ಎರಡು ಕೈಯಲ್ಲಿ ಬರುತ್ತವೆ.

ಕಮಲಾಪುರದವರು: ನೋಡಿಕೊಳ್ಳಲು ಕಷ್ಟದ ವಾದ್ಯವಿರಬೇಕು.

ಕಲಬುರಗಿಯವರು: ಕಷ್ಟದ್ದೇ. ಚಕ್ರಕ್ಕೆ ತಾಗುವ ಜಾಗದಲ್ಲಿ ಪ್ರತಿ ತಂತಿಗೂ ಅರಳೆ ಸುತ್ತಬೇಕು. ಅರಳೆ ಹೆಚ್ಚಾದರೆ ನಾದ ಮಂಕಾಗುತ್ತದೆ, ಕಡಿಮೆಯಾದರೆ ಕಿರುಚುತ್ತದೆ. ಹವೆಯಲ್ಲಿ ತೇವ ಏರಿಳಿದರೆ ಮರ ಹಿಗ್ಗಿ ಕುಗ್ಗಿ ಶ್ರುತಿ ತಪ್ಪುತ್ತದೆ.

ಕಮಲಾಪುರದವರು: ಏಕತಾರಿಯ ಚರ್ಮವೂ ಮಳೆಗಾಲದಲ್ಲಿ ಮೆತ್ತಗಾಗುತ್ತದೆ. ದಮ್ಮಡಿಯನ್ನು ಬೆಂಕಿಗೆ ಕಾಸಿಯೇ ಬಾರಿಸಬೇಕು. ಇರಲಿ, ಈ ವಾದ್ಯ ಎಷ್ಟು ಹಳೆಯದು?

ಕಲಬುರಗಿಯವರು: 12ನೇ ಶತಮಾನದ ಶಿಲ್ಪಗಳಲ್ಲಿ ಕಾಣಿಸುತ್ತದೆ. ಸ್ಪೇನಿನ ಸಾಂತಿಯಾಗೊ ದೆ ಕಾಂಪೊಸ್ತೇಲಾ ಚರ್ಚಿನ ಮಹಾದ್ವಾರದ ತೊಲೆಗಲ್ಲಿನಲ್ಲಿ 1188ರ ಉಲ್ಲೇಖವಿದೆ. ಆ ದ್ವಾರದ ಕಮಾನಿನಲ್ಲಿ ಇಬ್ಬರು ಮುದುಕರು ಒಂದೇ ವಾದ್ಯವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಾರೆ. ಆಗ ಅದರ ಹೆಸರು ಆರ್ಗನಿಸ್ಟ್ರಮ್. ಅದು ಅಷ್ಟು ಉದ್ದವಿದ್ದುದರಿಂದ ಒಬ್ಬರು ಚಕ್ರ ತಿರುಗಿಸಬೇಕಿತ್ತು, ಇನ್ನೊಬ್ಬರು ಸ್ವರ ಹಿಡಿಯಬೇಕಿತ್ತು. ಮುಂದೆ ಅದು ಸಣ್ಣದಾಗಿ ಒಬ್ಬರ ಮಡಿಲಿಗೆ ಬಂತು. ಫ್ರಾನ್ಸಿನಲ್ಲಿ ವಿಯೆಲ್ ಆ ರೂ, ಹಂಗೇರಿಯಲ್ಲಿ ತೆಕೆರೊ, ಸ್ಪೇನಿನಲ್ಲಿ ಜಾನ್‌ಫೋನಾ, ಉಕ್ರೇನಿನಲ್ಲಿ ಲೀರಾ ಎಂದು ಒಂದೊಂದು ನಾಡಿನಲ್ಲಿ ಒಂದೊಂದು ಹೆಸರು ಪಡೆಯಿತು.

ಕಮಲಾಪುರದವರು: ನುಡಿಸಿದವರು ಯಾರು? ಅರಮನೆಯವರೋ, ಬೀದಿಯವರೋ?

ಕಲಬುರಗಿಯವರು: ಇಬ್ಬರೂ. 18ನೇ ಶತಮಾನದ ಫ್ರಾನ್ಸಿನಲ್ಲಿ ಅದು ಶ್ರೀಮಂತರ ಮನೆಯ ಶೋಕಿಯಾಯಿತು. ನೇಪಲ್ಸ್‌ನ ದೊರೆಗಾಗಿ ಹೈಡನ್ ಅದರ ಒಂದು ಬಗೆಗೆ ಕೃತಿಗಳನ್ನು ರಚಿಸಿಕೊಟ್ಟ. ಆದರೆ ಅದನ್ನು ಉಳಿಸಿದವರು ಬಡವರು. ಉಕ್ರೇನಿನಲ್ಲಿ ಲೀರ್ನಿಕರೆಂಬ ಅಂಧ ಗಾಯಕರಿದ್ದರು. ಅವರಿಗೆ ತಮ್ಮದೇ ಸಂಘ, ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಶಿಷ್ಯವೃತ್ತಿ, ತಮ್ಮೊಳಗಿನ ಗುಪ್ತ ಭಾಷೆ ಎಲ್ಲ ಇದ್ದವು. ಸಂತೆ, ಜಾತ್ರೆ, ಚರ್ಚಿನ ಬಾಗಿಲುಗಳಲ್ಲಿ ಭಕ್ತಿಯ ಹಾಡು, ನೀತಿಯ ಹಾಡು ಹೇಳಿ ಹೊಟ್ಟೆ ಹೊರೆಯುತ್ತಿದ್ದರು. 1827ರಲ್ಲಿ ಶೂಬರ್ಟ್ ರಚಿಸಿದ ‘ವಿಂಟರ್‌ರೈಸೆ’ ಗೀತಮಾಲೆಯ ಕೊನೆಯ ಹಾಡಿನಲ್ಲಿ ಬರುವವನೂ ಚಳಿಯಲ್ಲಿ ಬರಿಗಾಲಲ್ಲಿ ನಿಂತು ಈ ಚಕ್ರವನ್ನು ತಿರುಗಿಸುವ ಮುದುಕನೇ.

ಕಮಲಾಪುರದವರು: ಹಾಗಾದರೆ ಲೀರ್ನಿಕರು ನಮ್ಮ ತತ್ವಪದದವರಿಗೆ ಹತ್ತಿರದವರು. ಈ ಜಿಲ್ಲೆಯಲ್ಲಿ ತತ್ವಪದಕ್ಕೆ ದೊಡ್ಡ ಹೆಸರು ಕಡಕೋಳ ಮಡಿವಾಳಪ್ಪನವರದು. ಅವರ ಶಿಷ್ಯಬಳಗದಲ್ಲಿ ಖೈನೂರು ಕೃಷ್ಣಪ್ಪ, ಚೆನ್ನೂರು ಜಲಾಲಸಾಹೇಬ, ತೆಲುಗಬಾಳ ರೇವಪ್ಪ ಇದ್ದಾರೆ. ಒಂದೇ ಗುರುವಿನ ಪಂಕ್ತಿಯಲ್ಲಿ ಹಿಂದೂ, ಮುಸಲ್ಮಾನ ಇಬ್ಬರೂ ಕೂತು ಪದ ಕಟ್ಟಿದರು. ಹಾಡಿನ ಕೊನೆಗೆ ಬರುವ ಅಂಕಿತದಿಂದ ಪದ ಯಾರದೆಂದು ತಿಳಿಯುತ್ತದೆ. ಆದರೆ ಧಾಟಿಗೆ ಅಂಕಿತವಿಲ್ಲ. ಯಾವ ಧಾಟಿ ಯಾರ ಬಾಯಿಂದ ಬಂತೆಂದು ಯಾರೂ ಬರೆದಿಡಲಿಲ್ಲ.

ಕಲಬುರಗಿಯವರು: ಮೊದಲ ಆಲ್ಬಮ್‌ನ ಮುಖ್ಯ ಕೆಲಸ ಇರುವುದೇ ಅಲ್ಲಿ, ಗುರುಗಳೇ. ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರದ ಯೋಜನೆಯಲ್ಲಿ ತತ್ವಪದಕಾರರ ಸಾಹಿತ್ಯ ಹತ್ತಾರು ಸಂಪುಟಗಳಲ್ಲಿ ಅಚ್ಚಾಗಿದೆ. ಪದಗಳಿಗೆ ಪುಸ್ತಕ ಸಿಕ್ಕಿತು. ಧಾಟಿಗೆ ಪುಸ್ತಕವಾಗಬಲ್ಲದ್ದು ಧ್ವನಿಮುದ್ರಣ ಮಾತ್ರ. ಉಕ್ರೇನಿನಲ್ಲಿ ಸೋವಿಯತ್ ಆಳ್ವಿಕೆಯ ಕಾಲಕ್ಕೆ ಲೀರ್ನಿಕರ ಪರಂಪರೆ ಕಡಿದುಹೋಯಿತು. ಅದನ್ನು ಮತ್ತೆ ಹಿಡಿದವರು ಹಳೆಯ ಬರಹ, ಹಳೆಯ ಮುದ್ರಣಗಳನ್ನು ಹುಡುಕಿ ಕಲಿಯಬೇಕಾಯಿತು. ಇಲ್ಲಿ ಹಾಡುವವರು ಇನ್ನೂ ಇದ್ದಾರೆ.

ಕಮಲಾಪುರದವರು: ಹರ್ಡಿ ಗರ್ಡಿಯ ಕೆಲಸವನ್ನು ನಮ್ಮಲ್ಲಿ ಯಾವ ವಾದ್ಯ ಮಾಡುತ್ತದೆ?

ಕಲಬುರಗಿಯವರು: ಮೊದಲನೆಯದು ನಿಮ್ಮ ಕೈಯಲ್ಲಿರುವ ಏಕತಾರಿಯೇ. ಬುರುಡೆಗೆ ಚರ್ಮ ಬಿಗಿದು, ಬಿದಿರಿನ ದಂಡ ಹಾಯಿಸಿ ಒಂದೇ ತಂತಿ ಕಟ್ಟುತ್ತಾರೆ. ತೋರುಬೆರಳಿನಿಂದ ಮೀಟಿದಾಗ ಆಧಾರ ಸ್ವರ ಬರುತ್ತದೆ. ಮೀಟು ಆರುವ ಮೊದಲೇ ಇನ್ನೊಂದು ಮೀಟು ಬೀಳುವುದರಿಂದ ಶ್ರುತಿಯ ಜತೆಗೆ ಲಯವೂ ಬರುತ್ತದೆ. ಎರಡನೆಯದು ಚೌಡಿಕೆ. ಎಲ್ಲಮ್ಮನ ಪದ ಹಾಡುವ ಜೋಗತಿಯರ ವಾದ್ಯವದು. ಮರದ ಕೊಳಗದ ಒಂದು ಬಾಯಿಗೆ ಚರ್ಮ ಬಿಗಿದು, ಅದರ ನಡುವಿನಿಂದ ತಂತಿ ಎಳೆದು ಕೋಲಿಗೆ ಕಟ್ಟಿರುತ್ತಾರೆ. ತಂತಿ ಬಿಗಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಲಾವಣಿ, ಗೀಗೀ ಮೇಳಗಳ ತುಂತುಣಿಯೂ ಇದೇ ಕುಲದ್ದು. ಜೋಗತಿ ಕಲೆಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ, ಬಾಗಲಕೋಟೆಯ ಗೊಂದಲಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಒಂದೆರಡು ತಂತಿಯ ಈ ವಾದ್ಯಗಳಿಗೂ ಮನ್ನಣೆ ಸಿಕ್ಕಂತಾಯಿತು.

ಕಮಲಾಪುರದವರು: ಇವೆರಡೂ ಮೀಟುವ ವಾದ್ಯ. ತಿರುಗುವ ಚಕ್ರ ನಮ್ಮಲ್ಲಿ ಇಲ್ಲವೇ?

ಕಲಬುರಗಿಯವರು: ಪ್ರತಿ ಮನೆಯಲ್ಲೂ ಇತ್ತು. ಬೀಸುವ ಕಲ್ಲು.

ಕಮಲಾಪುರದವರು: ಹೌದಲ್ಲ! ಎದುರುಬದುರು ಕೂತು ಇಬ್ಬರು ಹೆಣ್ಣುಮಕ್ಕಳು ಒಂದೇ ಗೂಟ ಹಿಡಿದು ತಿರುಗಿಸುತ್ತಿದ್ದರು. ಒಬ್ಬಳು ಪದ ಎತ್ತಿದರೆ ಇನ್ನೊಬ್ಬಳು ಮುಂದುವರಿಸುತ್ತಿದ್ದಳು. ಬೆಳಗಿನ ಜಾವ ಜೋಳ ಬೀಸುವುದಿತ್ತು, ಸುಗ್ಗಿಯಾದ ಮೇಲೆ ತೊಗರಿ ಒಡೆದು ಬೇಳೆ ಮಾಡುವುದಿತ್ತು. ಕಲ್ಲಿನ ಗುಡುಗುಡು ಸದ್ದು ನಿಲ್ಲುವವರೆಗೆ ಪದವೂ ನಿಲ್ಲುತ್ತಿರಲಿಲ್ಲ.

ಕಲಬುರಗಿಯವರು: ಆ ಸದ್ದು ವಾದ್ಯದ ಶ್ರುತಿಯಂತೆ ಒಂದು ಸ್ವರಕ್ಕೆ ನಿಲ್ಲುವಂಥದ್ದಲ್ಲ. ಆದರೂ ಕಡಿಯದ ನಾದವೇ. ಕಲ್ಲು ಒಂದು ಸುತ್ತು ಬರುವ ಹೊತ್ತೇ ಹಾಡಿನ ಲಯ. ಬೀಸುವ ಪದಗಳಲ್ಲಿ ಬಹುಪಾಲು ತ್ರಿಪದಿಗಳು. ಮೂರು ಸಾಲು ಹೇಳಿ, ಸಾಲುಗಳನ್ನು ಮರಳಿಸಿ ಹಾಡುವ ಕ್ರಮಕ್ಕೂ ಕಲ್ಲಿನ ಸುತ್ತಿಗೂ ಹೊಂದಿಕೆ ಇದೆ. ಕಾಂಪೊಸ್ತೇಲಾದ ಶಿಲ್ಪದ ಇಬ್ಬರು ಮುದುಕರು ಒಂದು ಚಕ್ರಕ್ಕೆ ಕೂತಂತೆ ಇಲ್ಲಿ ಇಬ್ಬರು ಹೆಣ್ಣುಮಕ್ಕಳು ಒಂದು ಕಲ್ಲಿಗೆ ಕೂತರು. ಒಂದು ಕಡೆ ಹಾಡಿಗಾಗಿ ಚಕ್ರ ತಿರುಗಿತು. ಇನ್ನೊಂದು ಕಡೆ ಹಿಟ್ಟಿಗಾಗಿ ತಿರುಗಿದ ಕಲ್ಲಿನ ಮೇಲೆ ಹಾಡು ಹುಟ್ಟಿತು.

ಕಮಲಾಪುರದವರು: ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು. ಹಂತಿಯ ಪದಕ್ಕೂ ಅದೇ ಗತಿ. ಕಣದಲ್ಲಿ ಮೇಟಿಯ ಸುತ್ತ ರಾತ್ರಿಯಿಡೀ ಎತ್ತು ತಿರುಗುತ್ತಿದ್ದವು, ಅವುಗಳ ಹಿಂದೆ ನಡೆಯುತ್ತ ಗಂಡಸರು ಹಾಡುತ್ತಿದ್ದರು. ರಾಶಿಯ ಯಂತ್ರ ಬಂದ ಮೇಲೆ ಹಂತಿಯೂ ಇಲ್ಲ, ಪದವೂ ಇಲ್ಲ.

ಕಲಬುರಗಿಯವರು: ಕೆಲಸಕ್ಕೆ ಕಟ್ಟಿಕೊಂಡ ಹಾಡು ಕೆಲಸ ಹೋದಾಗ ಹೋಗುತ್ತದೆ. ತತ್ವಪದ, ಮೊಹರಮ್ಮಿನ ರಿವಾಯತ್ ಪದ, ಎಲ್ಲಮ್ಮನ ಪದ ಆಚರಣೆಗೆ ಕಟ್ಟಿಕೊಂಡವು, ಅದಕ್ಕೇ ಇನ್ನೂ ಉಸಿರಾಡುತ್ತಿವೆ. ಈ ಸೀಮೆಯ ಮೊದಲ ಆಲ್ಬಮ್‌ನಲ್ಲಿ ಎರಡೂ ಬಗೆಯ ಹಾಡಿರಬೇಕು. ಬದುಕಿರುವ ಹಾಡು ಹಾಡುಗಾರರ ಶಕ್ತಿ ತೋರಿಸುತ್ತದೆ. ನೆನಪಿನಲ್ಲಷ್ಟೇ ಉಳಿದಿರುವ ಹಾಡನ್ನು ಮುಂದಿನವರಿಗೆ ಮುಟ್ಟಿಸುವುದು ಅವರ ಋಣ.

ಕಮಲಾಪುರದವರು: ಆಲ್ಬಮ್ ಎನ್ನುತ್ತೀಯಲ್ಲ, ಆ ಮಾತು ಎಲ್ಲಿಂದ ಬಂತು?

ಕಲಬುರಗಿಯವರು: ಭಾರತದಲ್ಲಿ ಗ್ರಾಮಫೋನ್ ಮುದ್ರಣ 1902ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಗೌಹರ್ ಜಾನ್ ಹಾಡಿದ್ದು ಆಗಲೇ. ಆ ಕಾಲದ ತಟ್ಟೆಯ ಒಂದು ಮುಖಕ್ಕೆ ಸುಮಾರು 3 ನಿಮಿಷದ ಹಾಡು ಹಿಡಿಯುತ್ತಿತ್ತು. ಹಲವು ತಟ್ಟೆಗಳನ್ನು ಫೋಟೊ ಆಲ್ಬಮ್‌ನಂಥ ದಪ್ಪ ಹೊದಿಕೆಯ ಪುಸ್ತಕದಲ್ಲಿ ಇಟ್ಟು ಮಾರುತ್ತಿದ್ದರು, ಹೆಸರು ಅಲ್ಲಿಂದ ಬಂತು. 1948ರಲ್ಲಿ ಎಲ್‌ಪಿ ತಟ್ಟೆ ಬಂದು ಒಂದು ಮುಖಕ್ಕೆ 20 ನಿಮಿಷಕ್ಕೂ ಹೆಚ್ಚು ಸಿಕ್ಕಿತು. 1963ರಲ್ಲಿ ಕ್ಯಾಸೆಟ್, 1982ರಲ್ಲಿ ಸಿಡಿ ಬಂದವು. ಕಾಲದ ಮಿತಿಗೆ ತಕ್ಕಂತೆ ಹಾಡಿನ ಆಕಾರವೂ ಬದಲಾಗುತ್ತ ಹೋಯಿತು.

ಕಮಲಾಪುರದವರು: ಭಜನೆಯಲ್ಲಿ ಒಂದು ಪದ 10 ನಿಮಿಷವಾದರೂ ನಡೆಯುತ್ತದೆ. ಪಲ್ಲವಿಯನ್ನು ಹಿಮ್ಮೇಳದವರು ಎಷ್ಟು ಸಲ ಮರಳಿ ಹಿಡಿಯುತ್ತಾರೋ ಅಷ್ಟು ಪದ ಒಳಗೆ ಇಳಿಯುತ್ತದೆ. 3 ನಿಮಿಷದಲ್ಲಿ ಅದು ಹೇಗೆ ಸಾಧ್ಯ?

ಕಲಬುರಗಿಯವರು: ಈಗ ಆ ಮಿತಿಯಿಲ್ಲ. ಹಾಡು ತನ್ನ ಸಹಜ ಉದ್ದದಲ್ಲೇ ಇರಬಹುದು. ಜನಪದ ಧಾಟಿಗಳು ದೊಡ್ಡ ಪ್ರಮಾಣದಲ್ಲಿ ಮನೆಮನೆ ಮುಟ್ಟಿದ್ದು ಕ್ಯಾಸೆಟ್ ಕಾಲದಲ್ಲಿ. ಶಿಶುನಾಳ ಶರೀಫರ ಪದಗಳನ್ನು ಸಿ. ಅಶ್ವತ್ಥ್ ತಮ್ಮ ಸಂಯೋಜನೆಯಲ್ಲಿ ಹಾಡಿ ನಾಡಿಗೆಲ್ಲ ಹರಡಿದರು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಂಗೀತ ಕೊಟ್ಟವರೂ ಅವರೇ. 2008ರಲ್ಲಿ ರಘು ದೀಕ್ಷಿತ್ ಹೊರತಂದ ಮೊದಲ ಆಲ್ಬಮ್‌ನ 8 ಹಾಡುಗಳಲ್ಲಿ ಎರಡು ಶರೀಫರವು. 1819ರಲ್ಲಿ ಹುಟ್ಟಿದ ಶರೀಫರ ಪದ ಗಿಟಾರಿನ ಜತೆ ಕನ್ನಡ ತಿಳಿಯದವರನ್ನೂ ಮುಟ್ಟಿತು.

ಕಮಲಾಪುರದವರು: ಅದು ದೊಡ್ಡ ಕೆಲಸ. ಆದರೆ ಭಜನೆಯಲ್ಲಿ ಶರೀಫರ ಪದ ಕೇಳುವುದೇ ಬೇರೆ.

ಕಲಬುರಗಿಯವರು: ಬೇರೆಯೇ. ಒಂದು ಹೊಸ ಸಂಯೋಜನೆ, ಇನ್ನೊಂದು ಮೂಲ ಧಾಟಿ. ಎರಡಕ್ಕೂ ಜಾಗವಿದೆ. ಹರ್ಡಿ ಗರ್ಡಿಯ ಪುನರುತ್ಥಾನದಲ್ಲೂ ಎರಡೂ ನಡೆದವು. 1976ರಿಂದ ಮಧ್ಯ ಫ್ರಾನ್ಸಿನ ಸೇಂಟ್ ಶಾರ್ತಿಯೆಯಲ್ಲಿ ವಾದ್ಯ ತಯಾರಿಸುವವರ, ನುಡಿಸುವವರ ಮೇಳ ಸೇರತೊಡಗಿತು. ಹಳೆಯ ಧಾಟಿಗಳನ್ನು ಹಾಗೆಯೇ ಕಲಿತವರು ಅಲ್ಲಿ ಬಂದರು. 1994ರಲ್ಲಿ ಜಿಮ್ಮಿ ಪೇಜ್, ರಾಬರ್ಟ್ ಪ್ಲಾಂಟ್ ಅವರ ‘ನೋ ಕ್ವಾರ್ಟರ್’ ಆಲ್ಬಮ್‌ನಲ್ಲಿ ನೈಜೆಲ್ ಈಟನ್ ಅದೇ ವಾದ್ಯವನ್ನು ರಾಕ್ ಸಂಗೀತದ ನಡುವೆ ನುಡಿಸಿದರು. ಮೂಲ ಗಟ್ಟಿಯಾಗಿದ್ದರೆ ಹೊಸದು ಎಷ್ಟು ಬಂದರೂ ಭಯವಿಲ್ಲ. ಮೂಲದ ಮುದ್ರಣವೇ ಇಲ್ಲದಿದ್ದರೆ ಹೊಸದೇ ಮೂಲವೆಂದು ಮುಂದಿನವರು ನಂಬುತ್ತಾರೆ.

ಕಮಲಾಪುರದವರು: ಹಾಗಾದರೆ ಮೂಲದ ಮುದ್ರಣ ಹೇಗಿರಬೇಕು?

ಕಲಬುರಗಿಯವರು: ಮೊದಲು ಶ್ರುತಿ. ಕೀಬೋರ್ಡಿನ ಶ್ರುತಿಗೆ ಹಾಡುಗಾರರ ದನಿಯನ್ನು ಎಳೆಯಬಾರದು. ಹಾಡುಗಾರರ ದನಿ ಎಲ್ಲಿ ತುಂಬಿ ಬರುತ್ತದೋ ಅಲ್ಲಿಗೆ ಏಕತಾರಿಯನ್ನು ಬಿಗಿಯಬೇಕು. ಹಾರ್ಮೋನಿಯಂ, ಕೀಬೋರ್ಡುಗಳಲ್ಲಿ ಸ್ವರಗಳ ನಡುವಿನ ಅಂತರ ಸಮಪ್ರಮಾಣಕ್ಕೆ ಕಟ್ಟಿದ್ದು. ಏಕತಾರಿಗೆ ಹಾಡುವ ದನಿ ತನ್ನ ಸ್ವರವನ್ನು ಆ ಒಂದು ತಂತಿಯ ನಾದದಲ್ಲಿ ಹುಡುಕಿಕೊಳ್ಳುತ್ತದೆ. ಆ ಸೂಕ್ಷ್ಮ ಉಳಿಯಬೇಕಾದರೆ ಕನಿಷ್ಠ ಕೆಲವು ಹಾಡಾದರೂ ಹಾರ್ಮೋನಿಯಂ ಇಲ್ಲದೆ ಇರಬೇಕು.

ಎರಡನೆಯದು ಲಯ. ಸ್ಟುಡಿಯೋದಲ್ಲಿ ಕಿವಿಗೆ ಯಂತ್ರದ ತಾಳ ಹಾಕಿಕೊಂಡು ಹಾಡುವ ರೂಢಿಯಿದೆ. ಭಜನೆ ನಿಧಾನವಾಗಿ ಆರಂಭವಾಗಿ ಕೊನೆಗೆ ಏರುತ್ತದೆ. ಯಂತ್ರದ ತಾಳ ಆ ಏರಿಕೆಯನ್ನು ಕೊಂದುಬಿಡುತ್ತದೆ. ಏಕತಾರಿ, ದಮ್ಮಡಿ, ತಾಳ, ಹಿಮ್ಮೇಳ ಎಲ್ಲರೂ ಒಟ್ಟಿಗೆ ಕೂತು ಒಂದೇ ಸಲಕ್ಕೆ ಹಾಡಬೇಕು. ದನಿಗೊಂದು, ಏಕತಾರಿಗೊಂದು, ಹಿಮ್ಮೇಳಕ್ಕೊಂದು ಮೈಕ್ ಇಟ್ಟರೆ ಸಾಕು.

ಮೂರನೆಯದು ಜಾಗ. ತತ್ವಪದವನ್ನು ಕಲಬುರಗಿ ನಗರದ ಸ್ಟುಡಿಯೋದಲ್ಲಿ ಮುದ್ರಿಸಬಹುದು. ಬೀಸುವ ಪದವನ್ನು ಕಲ್ಲು ಇರುವ ಮನೆಯಲ್ಲೇ ಮುದ್ರಿಸಬೇಕು, ಏಕೆಂದರೆ ಕಲ್ಲಿನ ಸದ್ದು ಆ ಹಾಡಿನ ಅರ್ಧಭಾಗ. ಪ್ರತಿ ವಾದ್ಯದ ನಾದವನ್ನು ಹಾಡಿಲ್ಲದೆ ಒಂದೆರಡು ನಿಮಿಷ ಬಿಡಿಯಾಗಿಯೂ ಮುದ್ರಿಸಿಟ್ಟರೆ ಮುಂದೆ ಕಲಿಯುವವರಿಗೆ ಅದೇ ಪಾಠವಾಗುತ್ತದೆ.

ಕಮಲಾಪುರದವರು: ಹಾಡು ಆರಿಸುವುದು ಹೇಗೆ?

ಕಲಬುರಗಿಯವರು: 8ರಿಂದ 10 ಹಾಡು ಸಾಕು. ಮಡಿವಾಳಪ್ಪನವರ ಪರಂಪರೆಯ ತತ್ವಪದ ಮೂರ್ನಾಲ್ಕು, ರಿವಾಯತ್ ಪದ ಒಂದು, ಚೌಡಿಕೆಯ ಪದ ಒಂದು, ಬೀಸುವ ಪದ, ಹಂತಿಯ ಪದ, ಸೋಬಾನ ಪದ ಒಂದೊಂದು. ಒಂದೇ ಪದವನ್ನು ಎರಡು ಊರಿನ ಧಾಟಿಯಲ್ಲಿ ಹಾಡಿದರೆ ಇನ್ನೂ ಒಳ್ಳೆಯದು. ಧಾಟಿಗೆ ಊರಿರುತ್ತದೆ ಎಂಬುದು ಕೇಳುಗರಿಗೆ ತಾನಾಗಿಯೇ ತಿಳಿಯುತ್ತದೆ.

ಕಮಲಾಪುರದವರು: ಊರಿನ ಮಾತು ಬಂತೆಂದು ಹೇಳುತ್ತೇನೆ. ಕಮಲಾಪುರದ ಕೆಂಪು ಬಾಳೆಗೆ, ಕಲಬುರಗಿಯ ತೊಗರಿಗೆ ಜಿಐ ಎಂಬ ಭೌಗೋಳಿಕ ಗುರುತು ಸಿಕ್ಕಿದೆ. ಆ ಹೆಸರಿನಲ್ಲಿ ಬೇರೆಯವರು ಮಾರುವಂತಿಲ್ಲ. ಹಾಡಿಗೆ ಅಂಥ ಗುರುತು ಯಾರು ಕೊಡುತ್ತಾರೆ?

ಕಲಬುರಗಿಯವರು: ಆಲ್ಬಮ್‌ನ ಹೊದಿಕೆಯೇ ಕೊಡಬೇಕು. ಪ್ರತಿ ಹಾಡಿಗೆ ಐದು ಸಂಗತಿ ಬರೆಯಬೇಕು: ಪದಕಾರರ ಅಂಕಿತ, ಧಾಟಿ ಕಲಿಸಿದವರ ಹೆಸರು, ಅವರ ಊರು, ಹಾಡುವ ಸಂದರ್ಭ, ವಾದ್ಯ ಮತ್ತು ಹಿಮ್ಮೇಳದವರ ಹೆಸರುಗಳು. ‘ಜನಪದ, ಸಾಂಪ್ರದಾಯಿಕ’ ಎಂದಷ್ಟೇ ಬರೆದು ಕೈತೊಳೆದುಕೊಂಡರೆ ಕಲಿಸಿದ ಅಜ್ಜಿಯ ಹೆಸರು ಅಲ್ಲಿಗೇ ಮುಗಿಯುತ್ತದೆ.

ಕಮಲಾಪುರದವರು: ಹಕ್ಕು ಯಾರಿಗೆ ಸೇರುತ್ತದೆ? ಹಾಡಿದವರು ಒಬ್ಬರು, ದುಡ್ಡು ಇನ್ನೊಬ್ಬರಿಗೆ ಎನ್ನುವುದು ಹಳೆಯ ಸಂಕಟ.

ಕಲಬುರಗಿಯವರು: 1957ರ ಕೃತಿಸ್ವಾಮ್ಯ ಕಾಯ್ದೆ ಇದಕ್ಕೆ ಉತ್ತರ ಕೊಡುತ್ತದೆ. ರಚನೆಕಾರರು ತೀರಿಕೊಂಡು 60 ವರ್ಷ ಕಳೆದರೆ ಅವರ ರಚನೆ ಎಲ್ಲರದೂ ಆಗುತ್ತದೆ. ಶರೀಫರು ತೀರಿದ್ದು 1889ರಲ್ಲಿ, ಅವರ ಪದ ಹಾಡಲು ಯಾರ ಅನುಮತಿಯೂ ಬೇಡ. ಆದರೆ ಧ್ವನಿಮುದ್ರಣಕ್ಕೆ ಬೇರೆಯೇ ಹಕ್ಕಿದೆ, ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಮುದ್ರಣಕ್ಕೆ ಮುಂದಾಗಿ ಜವಾಬ್ದಾರಿ ಹೊತ್ತವರೇ ಕಾಯ್ದೆಯ ಕಣ್ಣಿನಲ್ಲಿ ನಿರ್ಮಾಪಕರು, ಹಕ್ಕು ಮೊದಲು ಸೇರುವುದು ಅವರಿಗೆ. ಆದ್ದರಿಂದ ಹಾಡುಗಾರರು ತಾವೇ ಮುಂದಾಗಿ, ಸ್ಟುಡಿಯೋಗೆ ಬಾಡಿಗೆ ಕೊಟ್ಟು, ರಸೀದಿ ಇಟ್ಟುಕೊಂಡು ಮುದ್ರಿಸಿದರೆ ನಿರ್ಮಾಪಕರೂ ಅವರೇ.

ಕಮಲಾಪುರದವರು: ಬೇರೆಯವರು ದುಡ್ಡು ಹಾಕಿದರೆ?

ಕಲಬುರಗಿಯವರು: ಆಗಲೂ ಹಾಡಿದವರಿಗೆ, ನುಡಿಸಿದವರಿಗೆ ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. 2012ರ ತಿದ್ದುಪಡಿ ಅದನ್ನು ಬಲಪಡಿಸಿತು. ವಾಣಿಜ್ಯ ಬಳಕೆಯಾದರೆ ರಾಯಧನದಲ್ಲಿ ಪಾಲು, ತಾವೇ ಹಾಡಿದ್ದೆಂದು ಹೆಸರು ಹೇಳಿಸಿಕೊಳ್ಳುವ ಹಕ್ಕು ಎರಡೂ ಇವೆ. ಕರಾರಿಗೆ ಸಹಿ ಹಾಕುವ ಮೊದಲು ಅದನ್ನು ಕನ್ನಡದಲ್ಲಿ ಓದಿಸಿ ಕೇಳಬೇಕು. ಹೊದಿಕೆಯ ಮೇಲೆ ಮುದ್ರಿಸಿದವರ ಹೆಸರು, ವಿಳಾಸ, ಹಕ್ಕುದಾರರ ಹೆಸರು, ಮೊದಲು ಪ್ರಕಟವಾದ ವರ್ಷ ಇರಲೇಬೇಕೆಂದು ಕಾಯ್ದೆ ಹೇಳುತ್ತದೆ. ಅಂತರ್ಜಾಲದಲ್ಲಿ ಬಿಡುವುದಾದರೆ ಪ್ರತಿ ಮುದ್ರಣಕ್ಕೂ 12 ಅಕ್ಷರ ಅಂಕಿಗಳ ಐಎಸ್‌ಆರ್‌ಸಿ ಸಂಕೇತ ಪಡೆಯಬೇಕು. ಹಾಡನ್ನು ಎಲ್ಲಿ ಎಷ್ಟು ಸಲ ಕೇಳಲಾಯಿತೆಂಬ ಲೆಕ್ಕ ಆ ಸಂಕೇತದ ಮೇಲೆ ನಡೆಯುತ್ತದೆ.

ಕಮಲಾಪುರದವರು: ಮುದ್ರಣವಾಯಿತು ಎಂದುಕೊಳ್ಳೋಣ. ಕೇಳುವವರಿಗೆ ಮುಟ್ಟಿಸುವುದು ಹೇಗೆ?

ಕಲಬುರಗಿಯವರು: ಹಾಡು ಇರುವಲ್ಲಿಗೇ ಮೊದಲು ಮರಳಬೇಕು. ಕಲಬುರಗಿಯ ಬಂದೇ ನವಾಜ್ ದರ್ಗಾದಲ್ಲಿ ಉರುಸು ನಡೆಯುತ್ತದೆ, ಹೋಳಿ ಹುಣ್ಣಿಮೆಯ ನಂತರ ಶರಣಬಸವೇಶ್ವರ ಜಾತ್ರೆ ನಡೆಯುತ್ತದೆ. ಎರಡಕ್ಕೂ ಎಲ್ಲ ಮತದ ಜನ ಬರುತ್ತಾರೆ. ಕಲಬುರಗಿ ಆಕಾಶವಾಣಿ ಇದೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಗುಲಬರ್ಗಾ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಿಗೂ ರಾಮನಗರದ ಜಾನಪದ ಲೋಕಕ್ಕೂ ಒಂದೊಂದು ಪ್ರತಿ ಹೋಗಬೇಕು. ಕಲಿಸಿದವರ ಮನೆಗೆ ಮೊದಲ ಪ್ರತಿ ಹೋಗಬೇಕು.

ಕಮಲಾಪುರದವರು: ಹರ್ಡಿ ಗರ್ಡಿಯನ್ನೇ ತಂದು ತತ್ವಪದಕ್ಕೆ ನುಡಿಸಿದರೆ ಹೇಗೆ?

ಕಲಬುರಗಿಯವರು: ಅದಕ್ಕೆ ಅಡ್ಡಿಯಿಲ್ಲ, ಶ್ರುತಿ ಬಿಡದ ವಾದ್ಯ ತತ್ವಪದಕ್ಕೆ ಹೊಂದುತ್ತದೆ. ಹಾರ್ಮೋನಿಯಂ ಕೂಡ ಹೊರಗಿನಿಂದ ಬಂದು ನಮ್ಮದಾಯಿತು. ಆದರೆ ಅದು ಎರಡನೆಯ ಆಲ್ಬಮ್‌ನ ಕೆಲಸ. ಮೊದಲನೆಯದರಲ್ಲಿ ಏಕತಾರಿಗೆ, ಚೌಡಿಕೆಗೆ, ಕಲ್ಲಿಗೆ ಎದುರು ನಿಂತು ಮಾತಾಡುವ ಅವಕಾಶ ಸಿಗಬೇಕು. ಯುರೋಪಿನವರು ಹರ್ಡಿ ಗರ್ಡಿಯನ್ನು ಹಿನ್ನೆಲೆಯಿಂದ ಮುನ್ನೆಲೆಗೆ ತಂದದ್ದರಿಂದಲೇ ಅದು ಉಳಿಯಿತು.

ಕಮಲಾಪುರದವರು: ಹಾಗಾದರೆ ಆರಂಭ ಎಲ್ಲಿಂದ?

ಕಲಬುರಗಿಯವರು: ತತ್ವಪದ ಕಲಿಸುವವರು ನಾಳೆಯೂ ಇರುತ್ತಾರೆ. ಬೀಸುವ ಪದ ಬಲ್ಲ ಅಜ್ಜಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕಮಲಾಪುರದ ಯಾವ ಮನೆಯಲ್ಲಿ ಕಲ್ಲಿನ ಜತೆ ಅದರ ಪದ ಬಲ್ಲ ಅಜ್ಜಿಯೂ ಇದ್ದಾರೋ, ಮೊದಲ ಮೈಕ್ ಆ ಮನೆಯ ಪಡಸಾಲೆಯಲ್ಲಿ ಇಡಬೇಕು.